ನನ್ನ ದುಡ್ಡು ನಾನು ತಗೊಳ್ಳೋಕೆ ಇಷ್ಟೊಂದು ಪ್ರಶ್ನೆ ಯಾಕೆ ಸಾರ್?

ಈ ಸಲ ಬಂದಿರೋ ಪತ್ರಗಳಲ್ಲಿ ಅರ್ಧಕ್ಕರ್ಧ ಹೊರದೇಶದಲ್ಲಿರೋರದ್ದೇ. ಅದೂ ಎಲ್ಲರದ್ದೂ ಹೆಚ್ಚುಕಮ್ಮಿ ಒಂದೇ ಗೋಳು, ಅಲ್ಲಿನ ಬ್ಯಾಂಕಿಂದ ದೊಡ್ಡ ಮೊತ್ತದ ಕ್ಯಾಶ್ ತೆಗೆಯೋದು ಹೇಗೆ, ತೆಗೆದ್ರೆ ಏನಾಗುತ್ತೆ ಅಂತ. ಹಾಗಾಗಿ ಸಾಲ, ಇನ್ಶೂರೆನ್ಸ್ ಪ್ರಶ್ನೆಗಳನ್ನ ಮುಂದಿನ ಸಂಚಿಕೆಗೆ ತಳ್ಳಿ ಇವನ್ನೇ ತಗೊಂಡಿದೀನಿ. ದುಡ್ಡಿನ ವಿಷಯ ಆದ್ದರಿಂದ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಅಮೆರಿಕದಲ್ಲಿ ಒಂಬತ್ತು ವರ್ಷ ಕೆಲಸ ಮಾಡಿ ಈಗ ಎಲ್ಲಾ ಮುಗಿಸ್ಕೊಂಡು ಹೊರಡ್ತಾ ಇದೀನಿ. ಸೇವಿಂಗ್ಸ್ ಅಕೌಂಟಲ್ಲಿರೋ 28,000 ಡಾಲರ್ ಕ್ಯಾಶ್ ತಗೊಳ್ಳೋಣ ಅಂತ ಹೋದ್ರೆ ಕೌಂಟರಲ್ಲಿದ್ದ ಹುಡುಗಿ ಪಾಸ್‌ಪೋರ್ಟ್ ಕೇಳಿದ್ಲು, ಏನ್ ಕೆಲಸ ಅಂದ್ಲು, ಇಷ್ಟೊಂದು ಯಾಕೆ ಅಂದ್ಲು, ಕಂಪ್ಯೂಟರಲ್ಲಿ ಏನೋ ಫಾರಂ ತುಂಬಿಸ್ಬೇಕು ಅಂದ್ಲು. ನನಗೆ ಕಳ್ಳನ್ನ ವಿಚಾರಿಸಿದ ಹಾಗಾಯ್ತು, ಬೇಡ ಬಿಡಿ ಅಂತ ಎದ್ದು ಬಂದೆ. ನನ್ನ ಫ್ರೆಂಡ್ 9,000, 9,000 ಅಂತ ಮೂರು ಸಲ ತೆಗಿ, ಯಾರೂ ಕೇಳಲ್ಲ ಅಂತಾನೆ. ಹಾಗೆ ಮಾಡ್ಲಾ?

ಉತ್ತರ: ದಯವಿಟ್ಟು ಮಾಡ್ಬೇಡಿ. ನಿಮ್ಮ ಫ್ರೆಂಡ್ ಒಳ್ಳೇ ಮನಸ್ಸಿಂದಾನೇ ಹೇಳಿರ್ತಾರೆ, ಆದ್ರೆ ಆ ಸಲಹೆ ಇದೆಯಲ್ಲ, ಅದೇ ಅಪರಾಧ.

ಮೊದಲು ಆ ಫಾರಂ ವಿಷಯ. ಅಮೆರಿಕದಲ್ಲಿ 1970ರಿಂದ ಬ್ಯಾಂಕ್ ಸೀಕ್ರೆಸಿ ಆಕ್ಟ್ ಅಂತ ಒಂದು ಕಾನೂನಿದೆ, ಹೆಸರು ಕೇಳಿದ್ರೆ ಗುಟ್ಟು ಕಾಪಾಡೋ ಕಾನೂನು ಅನ್ಸುತ್ತೆ, ಕೆಲಸ ಪೂರಾ ಉಲ್ಟಾ. ಒಬ್ಬ ಮನುಷ್ಯ ಒಂದು ದಿನದಲ್ಲಿ 10,000 ಡಾಲರ್ ಮೀರಿ ಕ್ಯಾಶ್ ಕಟ್ಟಿದ್ರೂ ತೆಗೆದ್ರೂ ಬ್ಯಾಂಕು ಒಂದು ವರದಿ ತುಂಬಿ ಫಿನ್‌ಸೆನ್ ಅನ್ನೋ ಸರ್ಕಾರಿ ಕಚೇರಿಗೆ 15 ದಿನದೊಳಗೆ ಕಳಿಸ್ಬೇಕು. ಆ ವರದಿಯಲ್ಲಿ ನಿಮ್ಮ ವಿಳಾಸ, ಉದ್ಯೋಗ, ಗುರುತಿನ ಚೀಟಿ ನಂಬರ್ ಇದಕ್ಕೆಲ್ಲ ಜಾಗ ಇರುತ್ತೆ, ಆ ಹುಡುಗಿ ಕೇಳಿದ್ದು ಅದಕ್ಕೇ. ಅವಳಿಗೆ ನಿಮ್ಮ ಮೇಲೆ ಅನುಮಾನ ಇತ್ತು ಅಂತಲ್ಲ, ಕೇಳ್ದೇ ಬಿಟ್ಟಿದ್ರೆ ಅವಳ ಕೆಲಸಕ್ಕೇ ಕುತ್ತು. ವರದಿ ಹೋಯ್ತು ಅಂದ ಮಾತ್ರಕ್ಕೆ ಟ್ಯಾಕ್ಸ್ ಬೀಳಲ್ಲ, ಕೇಸ್ ಆಗಲ್ಲ, ಮನೆಗೆ ಯಾರೂ ಬರಲ್ಲ. ಹೋಟ್ಲು, ಪೆಟ್ರೋಲ್ ಬಂಕ್ ನಡ್ಸೋರ ಹೆಸರಲ್ಲಿ ಇಂಥ ವರದಿ ಹೋಗ್ತಾನೇ ಇರುತ್ತೆ.

ಈಗ 9,000ದ ಕಥೆ. ವರದಿ ತಪ್ಪಿಸ್ಕೊಳ್ಳೋ ಉದ್ದೇಶದಿಂದ ದುಡ್ಡನ್ನ ತುಂಡು ಮಾಡಿ ತೆಗೆಯೋದಕ್ಕೆ ಅಲ್ಲಿ ಸ್ಟ್ರಕ್ಚರಿಂಗ್ ಅಂತಾರೆ, ಐದು ವರ್ಷದವರೆಗೆ ಜೈಲು ಹಾಕ್ಬಹುದು. ದುಡ್ಡು ನಿಮ್ಮ ಸಂಬಳದ್ದೇ, ಟ್ಯಾಕ್ಸ್ ಕಟ್ಟಿದ್ದೇ ಆಗಿರ್ಲಿ, ತುಂಡು ಮಾಡಿದ ಉದ್ದೇಶವೇ ತಪ್ಪು. ಇದಕ್ಕೆ ಸಿಕ್ಕಿಬಿದ್ದವರಲ್ಲಿ ಅಮೆರಿಕದ ಸಂಸತ್ತಿನ ಸ್ಪೀಕರ್ ಆಗಿದ್ದ ಡೆನ್ನಿಸ್ ಹ್ಯಾಸ್ಟರ್ಟ್ ಕೂಡಾ ಒಬ್ರು. ಆಸಾಮಿ 2010ರಿಂದ ಒಂದೊಂದು ಸಲಕ್ಕೆ 50,000 ಡಾಲರ್ ಕ್ಯಾಶ್ ತೆಗೀತಿದ್ರು, 2012ರಲ್ಲಿ ಬ್ಯಾಂಕಿನೋರು ಯಾಕೆ ಸ್ವಾಮಿ ಅಂತ ಕೇಳಿದ್ರು, ಅಷ್ಟೇ, ಆಮೇಲಿಂದ 10,000ಕ್ಕಿಂತ ಕಮ್ಮಿ ಕಮ್ಮಿ ತೆಗೆಯೋಕೆ ಶುರು ಮಾಡಿದ್ರು, ಹಾಗೆ ತೆಗೆದದ್ದೇ 9,52,000 ಡಾಲರ್. ಆ ದುಡ್ಡು ಹೋಗ್ತಿದ್ದದ್ದು ಯಾವತ್ತೋ ಮಾಡಿದ್ದ ಹೊಲಸು ಕೆಲಸ ಹೊರಗೆ ಬರದ ಹಾಗೆ ಬಾಯಿ ಮುಚ್ಚಿಸೋಕೆ, ಆದ್ರೆ ಆ ಹಳೇ ತಪ್ಪಿಗೆ ಕೇಸ್ ಹಾಕೋ ಕಾಲಾವಧಿ ಮುಗಿದುಹೋಗಿತ್ತು. 2016ರಲ್ಲಿ 15 ತಿಂಗಳು ಜೈಲಿಗೆ ಕಳಿಸಿದ್ದು ಕ್ಯಾಶನ್ನ ತುಂಡು ಮಾಡಿ ತೆಗೆದದ್ದಕ್ಕೆ. ಮೊದಲಿನ ಹಾಗೆ 50,000, 50,000 ಅಂತಾನೇ ತೆಗೀತಾ ಹೋಗಿದ್ರೆ ಈ ಕೇಸೇ ಇರ್ತಿರ್ಲಿಲ್ಲ, ನೋಡಿ ವಿಚಿತ್ರ.

ಇನ್ನೊಂದು ಮಾತು, ಫಾರಂ ಅಂದ ತಕ್ಷಣ ಬೇಡ ಅಂತ ಎದ್ದು ಬಂದ್ರಲ್ಲ, ಅದು ಒಳಗಿರೋರಿಗೆ ಕ್ಯಾಶ್ ತೆಗೆಯೋದಕ್ಕಿಂತ ವಿಚಿತ್ರವಾಗಿ ಕಾಣುತ್ತೆ. ಅನುಮಾನ ಬಂದ ವ್ಯವಹಾರಕ್ಕೆ ಬ್ಯಾಂಕು ಬೇರೇನೇ ಒಂದು ವರದಿ ಕಳಿಸುತ್ತೆ, ಅದನ್ನ ಕಳಿಸಿದೀವಿ ಅಂತ ನಿಮಗೆ ಹೇಳೋ ಹಾಗೇ ಇಲ್ಲ ಅವ್ರು. ಗಾಬರಿ ಬೀಳೋ ಅಂಥದ್ದೇನಲ್ಲ, ಅದೇ ಬ್ರಾಂಚಿಗೆ ಹೋಗಿ, ಊರು ಬಿಡ್ತಾ ಇದೀನಿ ಅಂತ ನಿಜ ಹೇಳಿ, ಮುಗೀತು.

ಆದ್ರೆ ನನ್ನ ಪ್ರಶ್ನೆ ಬೇರೆ. ನಿಮಗೆ ಕ್ಯಾಶೇ ಯಾಕೆ ಬೇಕು? ಅಲ್ಲಿ ನೂರರ ನೋಟಿಗಿಂತ ದೊಡ್ಡದು ಇಲ್ಲ, 500, 1,000ದ ನೋಟು ಕೊಡೋದನ್ನ 1969ರಲ್ಲೇ ನಿಲ್ಸಿದ್ರು, ಅಂದ್ರೆ 280 ನೋಟು ಬ್ಯಾಗಲ್ಲಿಟ್ಟು ವಿಮಾನ ಹತ್ಬೇಕು. ಅದನ್ನೇ ಇನ್ನೊಂದು ದೇಶದಲ್ಲಿ ಬದಲಾಯಿಸೋಕೆ ಹೋದ್ರೆ ಕ್ಯಾಶಿಗೆ ಕೊಡೋ ರೇಟು, ಬ್ಯಾಂಕಿಂದ ಬ್ಯಾಂಕಿಗೆ ನೇರ ಕಳಿಸೋ ವೈರ್ ಟ್ರಾನ್ಸ್‌ಫರ್ ರೇಟಿಗಿಂತ ಸಾಮಾನ್ಯವಾಗಿ ಕಮ್ಮೀನೇ. ನಿಮ್ಮದೇ ಹೆಸರಿನ ಅಕೌಂಟಿಗೆ ವೈರ್ ಮಾಡಿಬಿಡಿ. ಕ್ಯಾಶಿಯರ್ಸ್ ಚೆಕ್, ಅಂದ್ರೆ ಬ್ಯಾಂಕೇ ತನ್ನ ಹೆಸರಲ್ಲಿ ಬರೆದುಕೊಡೋ ಚೆಕ್, ಕೊಡ್ತೀವಿ ಅಂದ್ರೆ ಒಪ್ಕೋಬೇಡಿ, ಅಲ್ಲಿ ಅದು ದುಡ್ಡಿನಷ್ಟೇ ಗಟ್ಟಿ, ಆದ್ರೆ ಗಡಿ ದಾಟಿದ್ಮೇಲೆ ಕಲೆಕ್ಷನ್‌ಗೆ ಅಂತ ಅಮೆರಿಕದ ಬ್ಯಾಂಕಿಗೇ ವಾಪಸ್ ಕಳಿಸಿ ವಾರಗಟ್ಟಲೆ ಕಾಯಿಸ್ತಾರೆ, ತಗೊಳ್ಳೋದೇ ಇಲ್ಲ ಅನ್ನೋ ಬ್ಯಾಂಕುಗಳೂ ಇವೆ. ಮತ್ತೆ ಅಕೌಂಟನ್ನ ಈಗಲೇ ಕ್ಲೋಸ್ ಮಾಡ್ಬೇಡಿ. ಕೊನೇ ಸಂಬಳ, ಮನೆ ಅಡ್ವಾನ್ಸ್, ಮುಂದಿನ ವರ್ಷದ ಟ್ಯಾಕ್ಸ್ ರೀಫಂಡ್ ಇವೆಲ್ಲ ಬರೋದು ಅಲ್ಲಿಗೇ. ಹೊಸ ವಿಳಾಸ ಕೊಟ್ಟು, ಓಟಿಪಿ ಬರೋ ಫೋನ್ ನಂಬರ್ ಹೊರಗಿಂದ ಕೆಲಸ ಮಾಡುತ್ತಾ ಅಂತ ಖಾತ್ರಿ ಮಾಡ್ಕೊಂಡು ಹೊರಡಿ. ಆ ನಂಬರ್ ಸತ್ತುಹೋದ್ರೆ ದುಡ್ಡು ಅಕೌಂಟಲ್ಲಿದ್ರೂ ಕೈಗೆ ಸಿಗಲ್ಲ, ಈ ಥರ ಸಿಕ್ಕಾಕೊಂಡೋರ ಪತ್ರ ನನಗೆ ಕಮ್ಮಿ ಬಂದಿಲ್ಲ.

ಪ್ರಶ್ನೆ: ಹೊರಗಡೆ ಎಟಿಎಂನಲ್ಲಿ ನಮ್ಮ ದೇಶದ ಕಾರ್ಡ್ ಹಾಕಿದ್ರೆ ನಿಮ್ಮ ಕರೆನ್ಸಿಯಲ್ಲೇ ಲೆಕ್ಕ ಹಾಕ್ಲಾ ಅಂತ ಕೇಳುತ್ತೆ. ಯೆಸ್ ಅನ್ಬೇಕಾ?

ಉತ್ತರ: ನೋ ಅನ್ನಿ. ಯೆಸ್ ಅಂದ್ರೆ ಆ ಎಟಿಎಂ ನಡ್ಸೋನು ತನ್ನ ರೇಟ್ ಹಾಕ್ತಾನೆ, ಅದು ಯಾವಾಗ್ಲೂ ಅವನಿಗೆ ಲಾಭ ಇರೋ ರೇಟೇ. ಆ ದೇಶದ ಕರೆನ್ಸಿಯನ್ನೇ ಒತ್ತಿದ್ರೆ ನಿಮ್ಮ ಕಾರ್ಡಿನ ರೇಟ್ ಬೀಳುತ್ತೆ. ದೊಡ್ಡ ಮೊತ್ತ ಬೇಕಿದ್ರೆ ಎಟಿಎಂ ದಾರಿ ಅಲ್ಲವೇ ಅಲ್ಲ, ಕಾರ್ಡಿಗೊಂದು ದಿನದ ಮಿತಿ, ಮೆಷೀನಿಗೇ ಒಂದು ಮಿತಿ, ಪ್ರತಿ ಸಲಕ್ಕೂ ಚಾರ್ಜು. ಕ್ರೆಡಿಟ್ ಕಾರ್ಡಂತೂ ಹಾಕಲೇಬೇಡಿ, ಕ್ಯಾಶ್ ಕೈಗೆ ಬಂದ ದಿನದಿಂದಾನೇ ಬಡ್ಡಿ ಓಡುತ್ತೆ.

ಪ್ರಶ್ನೆ: ಜರ್ಮನಿಯಲ್ಲಿದೀವಿ. ಸೆಕೆಂಡ್ ಹ್ಯಾಂಡ್ ಕಾರಿಗೆ 14,000 ಯೂರೋ ಕೊಡ್ಬೇಕು, ಮಾರೋ ಮನುಷ್ಯ ಕ್ಯಾಶೇ ಬೇಕು ಅಂತಾನೆ. ಬ್ರಾಂಚಿಗೆ ಹೋದ್ರೆ ಅಷ್ಟು ಕ್ಯಾಶ್ ಇಲ್ಲ, ಮೊದಲೇ ಹೇಳಿಟ್ಟು ಬನ್ನಿ ಅಂತಾರೆ. ಬ್ಯಾಂಕಲ್ಲೇ ದುಡ್ಡಿಲ್ಲ ಅಂದ್ರೆ ಬ್ಯಾಂಕ್ ಮುಳುಗ್ತಾ ಇದೆಯಾ?

ಉತ್ತರ: ಇಲ್ಲ ಇಲ್ಲ, ಮುಳುಗ್ತಾ ಇಲ್ಲ. ನಾನೂ ವರ್ಷಗಟ್ಟಲೆ ಕ್ಯಾಶ್ ಕೌಂಟರಿನ ಒಳಗಡೆ ಕೂತವನೇ, ಈ ಪ್ರಶ್ನೆ ಎಷ್ಟು ಸಲ ಕೇಳಿದೀನೋ. ಬ್ರಾಂಚಲ್ಲಿ ಇಷ್ಟೇ ಕ್ಯಾಶ್ ಇಟ್ಕೋಬೇಕು ಅಂತ ಮಿತಿ ಇರುತ್ತೆ, ಇನ್ಶೂರೆನ್ಸ್ ಕೂಡ ಅಷ್ಟಕ್ಕೇ ಇರೋದು, ಮೇಲೆ ಉಳಿದದ್ದನ್ನ ವ್ಯಾನಲ್ಲಿ ವಾಪಸ್ ಕಳಿಸ್ತಾರೆ. ತಿಜೋರಿಯಲ್ಲಿ ಬಿದ್ದಿರೋ ನೋಟಿಗೆ ಬಡ್ಡಿ ಬರಲ್ಲ, ಕಳ್ಳರ ಕಣ್ಣು ಮಾತ್ರ ಬೀಳುತ್ತೆ. ಅಲ್ಲೀಗ ಜನ ಕಾರ್ಡು, ಫೋನಲ್ಲೇ ಕೊಡೋದು ಜಾಸ್ತಿ ಆದ್ಮೇಲೆ ಕೆಲವು ಬ್ರಾಂಚಲ್ಲಿ ಕ್ಯಾಶ್ ಕೌಂಟರೇ ಇಲ್ಲ. ಅದಕ್ಕೇ ಎರಡು ಮೂರು ದಿನ ಮುಂಚೆ ಫೋನ್ ಮಾಡಿ, ಇಷ್ಟು ಬೇಕು, ಇಂಥ ನೋಟಲ್ಲೇ ಬೇಕು ಅಂತ ಹೇಳಿಡಿ. 500 ಯೂರೋ ನೋಟು ಕೇಳ್ಬೇಡಿ, ಅದು ಈಗ್ಲೂ ಚಲಾವಣೆಯಲ್ಲಿದೆ, ಆದ್ರೆ 2019ರಿಂದ ಹೊಸದಾಗಿ ಕೊಡ್ತಾ ಇಲ್ಲ, ಕಳ್ಳದುಡ್ಡು ಸಾಗ್ಸೋರಿಗೆ ಅನುಕೂಲ ಆಗ್ತಿತ್ತು ಅಂತ. 200ರ ನೋಟಾದ್ರೆ 70 ಆಗುತ್ತೆ. ಆದ್ರೆ ಆ 200ರ ನೋಟನ್ನ ಕಾರ್ ಮಾರೋನು ಒಪ್ತಾನಾ ಅಂತ ಮೊದಲೇ ಕೇಳಿ, 100ರದ್ದು 140 ನೋಟು ತಗೊಳ್ಳೋದು ನೆಮ್ಮದಿ.

ಸದ್ಯಕ್ಕೆ ಜರ್ಮನಿಯಲ್ಲಿ ಕಾರಿಗೆ ಕ್ಯಾಶ್ ಕೊಡೋಕೆ ಮಿತಿ ಇಲ್ಲ, ಮನೆ ಜಾಗ ಕೊಳ್ಳೋಕೆ ಮಾತ್ರ 2023ರಿಂದ ಕ್ಯಾಶ್ ನಡೆಯಲ್ಲ. ಎಲ್ಲಾ ಕಡೆ ಹಾಗಿಲ್ಲ. ಫ್ರಾನ್ಸಲ್ಲಿ ಅಲ್ಲೇ ವಾಸ ಇರೋರು ಅಂಗಡಿಯವನಿಗೆ 1,000 ಯೂರೋ ಮೀರಿ ಕ್ಯಾಶ್ ಕೊಡೋ ಹಾಗಿಲ್ಲ, ಇಟಲಿಯಲ್ಲಿ ಮಿತಿ 5,000, ಗ್ರೀಸಲ್ಲಿ 500. ಇಡೀ ಯೂರೋಪಿಯನ್ ಯೂನಿಯನ್‌ಗೆ 2027ರ ಜುಲೈ 10ರಿಂದ ವ್ಯಾಪಾರದ ವ್ಯವಹಾರಕ್ಕೆ 10,000 ಯೂರೋ ಮಿತಿ ಬರ್ತಾ ಇದೆ, ಯಾವುದಾದ್ರೂ ದೇಶ ಬೇಕಾದ್ರೆ ಇನ್ನೂ ಕಮ್ಮಿ ಇಟ್ಕೋಬಹುದು. ವ್ಯಾಪಾರಿ ಅಲ್ಲದ ಇಬ್ಬರು ತಮ್ಮತಮ್ಮಲ್ಲಿ ಕೊಟ್ಟು ತಗೊಂಡ್ರೆ ಆ ಮಿತಿ ಅನ್ವಯಿಸಲ್ಲ.

ಇದೆಲ್ಲ ಬಿಡಿ, ನಿಮ್ಮ ಕಾರಿಗೆ ಇದಕ್ಕಿಂತ ಸಲೀಸಾದ ದಾರಿ ಇದೆ. 2025ರ ಅಕ್ಟೋಬರಿಂದ ಯೂರೋ ಬಳಸೋ ದೇಶಗಳ ಬ್ಯಾಂಕುಗಳೆಲ್ಲ ಹತ್ತೇ ಸೆಕೆಂಡಲ್ಲಿ ದುಡ್ಡು ತಲುಪೋ ಇನ್‌ಸ್ಟಂಟ್ ಟ್ರಾನ್ಸ್‌ಫರ್ ಕೊಡಲೇಬೇಕು, ಕಳಿಸೋ ಮುಂಚೆ ಪಡೆಯೋನ ಹೆಸರು ಅಕೌಂಟಿಗೆ ಹೊಂದುತ್ತಾ ಅಂತಲೂ ತೋರಿಸ್ಬೇಕು. ಕಾರಿನ ಪಕ್ಕ ನಿಂತ್ಕೊಂಡೇ ಕಳಿಸ್ಬಹುದು, ಅವನ ಫೋನಲ್ಲಿ ದುಡ್ಡು ಕಂಡ ಮೇಲೆ ಕೀ, ಪೇಪರ್ ಇಸ್ಕೊಳ್ಳಿ. ನಿಮ್ಮ ದಿನದ ಮಿತಿ ಮಾತ್ರ ಹಿಂದಿನ ದಿನವೇ ಏರಿಸಿಟ್ಟಿರಿ. ಇಷ್ಟು ಹೇಳಿದ್ಮೇಲೂ ಕ್ಯಾಶೇ ಬೇಕು ಅಂತ ಹಠ ಹಿಡಿದ್ರೆ ಬ್ಯಾಂಕಿಗೇ ಅವನನ್ನ ಬರಹೇಳಿ, ಅಲ್ಲೇ ಮೆಷೀನಲ್ಲಿ ಎಣಿಸಿ, ಅಲ್ಲೇ ರಸೀದಿ ಬರೆಸ್ಕೊಳ್ಳಿ. ಬ್ಯಾಂಕಿಗೆ ಬರೋಕೇ ಒಪ್ಪದೇ ಇದ್ರೆ ಆ ಕಾರೇ ಬೇಡ.

ಪ್ರಶ್ನೆ: ನಮ್ಮಮ್ಮ 74 ವರ್ಷದೋರು, ಬ್ರಿಟನ್‌ನಲ್ಲಿ ನನ್ನ ಜೊತೆ ಇದಾರೆ. ಹೋದ ತಿಂಗಳು ಒಬ್ಬರೇ ಬ್ಯಾಂಕಿಗೆ ಹೋಗಿ 6,000 ಪೌಂಡ್ ಕ್ಯಾಶ್ ಕೇಳಿದಾರೆ. ಯಾಕೆ ಅಂದ್ರೆ ಮನೆ ರಿಪೇರಿಗೆ ಅಂದಿದಾರೆ. ಬ್ಯಾಂಕಿನೋರು ಅವರನ್ನ ಒಳಗಡೆ ಕೂರಿಸಿ ಪೊಲೀಸರನ್ನೇ ಕರೆಸಿಬಿಟ್ರು! ಆಮೇಲೆ ಗೊತ್ತಾಯ್ತು, ಪೊಲೀಸ್ ಅಂತ ಹೇಳ್ಕೊಂಡು ಯಾರೋ ಫೋನ್ ಮಾಡಿ ನಿಮ್ಮ ಬ್ಯಾಂಕಲ್ಲಿ ಕಳ್ಳ ಇದಾನೆ, ತನಿಖೆಗೆ ಸಹಾಯ ಮಾಡಿ ಅಂದಿದ್ರಂತೆ. ಅಮ್ಮ ಆವತ್ತಿಂದ ಅವಮಾನ ಆಯ್ತು ಅಂತ ಮನೆಯಿಂದ ಆಚೆ ಬರ್ತಿಲ್ಲ. ಬ್ಯಾಂಕ್ ಮೇಲೆ ಕಂಪ್ಲೇಂಟ್ ಕೊಡ್ಬಹುದಾ?

ಉತ್ತರ: ಕೊಡ್ಬಹುದು, ಆದ್ರೆ ನಾನಾಗಿದ್ರೆ ಕಂಪ್ಲೇಂಟ್ ಬದಲು ಆ ಕೌಂಟರಿನೋರಿಗೆ ಒಂದು ಥ್ಯಾಂಕ್ಸ್ ಪತ್ರ ಬರೀತಿದ್ದೆ.

ಬ್ರಿಟನ್‌ನಲ್ಲಿ 2016ರಲ್ಲಿ ಶುರುವಾದ ಬ್ಯಾಂಕಿಂಗ್ ಪ್ರೋಟೋಕಾಲ್ ಅಂತ ಒಂದು ಏರ್ಪಾಡಿದೆ, ಮೊದಲು ಲಂಡನ್‌ನಲ್ಲಿ, ಆಮೇಲೆ ಎಲ್ಲಾ ಕಡೆ. ಯಾವತ್ತೂ ದೊಡ್ಡ ಮೊತ್ತ ತೆಗೆಯದೇ ಇದ್ದೋರು ಇದ್ದಕ್ಕಿದ್ದ ಹಾಗೆ ಕ್ಯಾಶ್ ಕೇಳಿದ್ರೆ, ಗಾಬರಿಯಲ್ಲಿದ್ರೆ, ಫೋನ್ ಕಿವಿಗಿಟ್ಟುಕೊಂಡೇ ಬಂದಿದ್ರೆ, ಬ್ಯಾಂಕಿನೋರು ಕೂರಿಸಿ ಮಾತಾಡಿಸ್ಬೇಕು, ಅನುಮಾನ ಇದ್ರೆ ಪೊಲೀಸರಿಗೆ ಹೇಳ್ಬೇಕು, ಪೊಲೀಸರು ತಕ್ಷಣ ಬರ್ತಾರೆ. ಬರೋದು ಅಮ್ಮನನ್ನ ಹಿಡಿಯೋಕಲ್ಲ, ಹೊರಗೆ ಆ ದುಡ್ಡಿಗೆ ಕಾಯ್ತಾ ಇರೋನ್ನ ಹಿಡಿಯೋಕೆ.

ಅಮ್ಮ ಮನೆ ರಿಪೇರಿಗೆ ಅಂದ್ರಲ್ಲ, ಆ ಮಾತು ಅವರದ್ದಲ್ಲ ನೋಡಿ. ಫೋನ್ ಮಾಡಿದೋನೇ ಹೇಳ್ಕೊಟ್ಟಿರ್ತಾನೆ, ಬ್ಯಾಂಕಿನೋರೇ ಕಳ್ಳರು, ಅವರಿಗೆ ನಿಜ ಹೇಳ್ಬೇಡಿ, ಕೇಳಿದ್ರೆ ಹಿಂಗನ್ನಿ ಅಂತ. ಇದು ಅವರ ಹಳೇ ಪಾಠ. ಕೆಲವು ಸಲ ನೀವೇ ಫೋನ್ ಇಟ್ಟು ಪೊಲೀಸ್ ನಂಬರಿಗೆ ಮಾಡಿ ನೋಡಿ ಅಂತಲೂ ಅಂತಾರೆ. ಲ್ಯಾಂಡ್‌ಲೈನಲ್ಲಿ ಅವನು ಕಟ್ ಮಾಡದೇ ಇದ್ರೆ ಲೈನ್ ಹಾಗೇ ಇರ್ತಿತ್ತು, ಅಮ್ಮ ಬೇರೆ ನಂಬರ್ ಒತ್ತಿದ್ರೂ ಆ ಕಡೆ ಎತ್ತೋದು ಅದೇ ಗ್ಯಾಂಗು! ಓದಿದೋರು, ದೊಡ್ಡ ಹುದ್ದೆಯಲ್ಲಿ ಇದ್ದೋರೇ ಬಿದ್ದಿದಾರೆ ಈ ಗುಂಡಿಗೆ. ಡಿಜಿಟಲ್ ಅರೆಸ್ಟ್ ಅಂತ ನೀವು ಕೇಳಿರ್ತೀರಲ್ಲ, ಅದೂ ಇದರದ್ದೇ ಸಂಬಂಧಿ, ಅಲ್ಲಿ ವಿಡಿಯೋ ಕಾಲು, ಇಲ್ಲಿ ಕ್ಯಾಶು.

ಅಮ್ಮನಿಗೆ ಇಷ್ಟು ಹೇಳಿ: ಕೈಯಿಂದ ಒಂದು ಪೌಂಡೂ ಹೋಗಿಲ್ಲ, ಅವಮಾನ ಆಗ್ಬೇಕಾದ್ದು ಫೋನ್ ಮಾಡಿದೋನಿಗೆ. ಯಾವ ದೇಶದ ಪೊಲೀಸರೂ ತನಿಖೆಗೆ ಅಂತ ನಿಮ್ಮ ಅಕೌಂಟಿಂದ ದುಡ್ಡು ತೆಗೆಸಲ್ಲ, ಮನೆಗೆ ಹುಡುಗನ್ನ ಕಳಿಸಿ ಕವರ್ ಇಸ್ಕೊಳ್ಳಲ್ಲ. ಮತ್ತೆ ಅಮ್ಮನ ಜೊತೆ ನೀವೂ ಒಂದು ಸಲ ಆ ಬ್ರಾಂಚಿಗೆ ಹೋಗಿ ಬನ್ನಿ. ಒಬ್ಬರನ್ನೇ ಕಳಿಸ್ಬೇಡಿ ಅಂತಲ್ಲ, ಆ ಬಾಗಿಲು ದಾಟೋ ಹೆದರಿಕೆ ಹೋಗ್ಲಿ ಅಂತ.

ಪ್ರಶ್ನೆ: 10,000 ಡಾಲರಿಗಿಂತ ಜಾಸ್ತಿ ಕ್ಯಾಶ್ ವಿಮಾನದಲ್ಲಿ ತಗೊಂಡು ಹೋದ್ರೆ ಕಿತ್ಕೋತಾರಂತೆ, ನಿಜಾನಾ? ನಾವು ಗಂಡ ಹೆಂಡತಿ 8,000, 8,000 ಇಟ್ಕೊಂಡ್ರೆ ಸರಿಹೋಗುತ್ತಾ?

ಉತ್ತರ: ಕಿತ್ಕೊಳ್ಳೋದು ಜಾಸ್ತಿ ಇದ್ದದ್ದಕ್ಕಲ್ಲ, ಹೇಳದೇ ಇದ್ದದ್ದಕ್ಕೆ. ಅಮೆರಿಕಕ್ಕೆ ಬರ್ಲಿ, ಹೋಗ್ಲಿ, 10,000 ಡಾಲರ್ ಮೀರಿದ್ರೆ ಘೋಷಣೆ ಮಾಡ್ಬೇಕು, ಎಷ್ಟಾದ್ರೂ ಒಯ್ಬಹುದು. ಒಟ್ಟಿಗೆ ಹೋಗ್ತಿರೋ ಮನೆಯವರದ್ದನ್ನ ಅಲ್ಲಿ ಕೂಡಿಸಿ ನೋಡ್ತಾರೆ, ಹಾಗಾಗಿ ನಿಮ್ಮ 8,000, 8,000 ಲೆಕ್ಕ 16,000 ಆಗುತ್ತೆ, ಹೇಳಲೇಬೇಕು. ಯೂರೋಪಿಯನ್ ಯೂನಿಯನ್ ಗಡಿಯಲ್ಲಿ 10,000 ಯೂರೋ ಮತ್ತು ಮೇಲೆ, ಸಿಂಗಾಪುರದಲ್ಲಿ 20,000 ಸಿಂಗಾಪುರ ಡಾಲರ್ ಮೀರಿದ್ರೆ, ಎಮಿರೇಟ್ಸಲ್ಲಿ 60,000 ದಿರ್ಹಾಮ್ ಮೀರಿದ್ರೆ. ಭಾರತಕ್ಕೆ ಬರೋವಾಗ ವಿದೇಶಿ ನೋಟೇ 5,000 ಡಾಲರ್ ಮೌಲ್ಯ ಮೀರಿದ್ರೆ ಕಸ್ಟಮ್ಸಲ್ಲಿ ಫಾರಂ ಕೊಡ್ಬೇಕು, ನೋಟು, ಟ್ರಾವೆಲರ್ಸ್ ಚೆಕ್ ಸೇರಿ 10,000 ಮೀರಿದ್ರೂ ಅಷ್ಟೇ. ಈ 5,000ದ ಮಾತು ತುಂಬ ಜನಕ್ಕೆ ಗೊತ್ತೇ ಇರಲ್ಲ, ಹತ್ತು ಸಾವಿರ ಅಂತಾನೇ ತಲೆಯಲ್ಲಿ ಇಟ್ಕೊಂಡು ಬರ್ತಾರೆ.

ಹೊರಡೋ ದೇಶದಲ್ಲಿ ಒಂದು ಸಲ, ಇಳಿಯೋ ದೇಶದಲ್ಲಿ ಒಂದು ಸಲ ಹೇಳ್ಬೇಕಾಗಿ ಬರಬಹುದು. ಬ್ಯಾಂಕಲ್ಲಿ ಫಾರಂ ತುಂಬಿದೀನಲ್ಲ ಅಂದ್ರೆ ಕಸ್ಟಮ್ಸಿನೋರು ಕೇಳಲ್ಲ, ಅದೇ ಬೇರೆ ಇದೇ ಬೇರೆ. ಕ್ಯಾಶ್ ತೆಗೆದ ದಿನದ ಸ್ಲಿಪ್ಪು, ಸ್ಟೇಟ್‌ಮೆಂಟು, ಸ್ಟ್ಯಾಂಪ್ ಬಿದ್ದ ಫಾರಮ್ಮು ಮೂರನ್ನೂ ಜೋಪಾನವಾಗಿಡಿ. ನಾಳೆ ಆ ದುಡ್ಡನ್ನ ಯಾವುದೋ ಬ್ಯಾಂಕಿಗೆ ಕಟ್ಟೋಕೆ ಹೋದಾಗ ಎಲ್ಲಿಂದ ಬಂತು ಅಂತ ಕೇಳೇ ಕೇಳ್ತಾರೆ, ಆಗ ನಿಮ್ಮ ಬಾಯಿ ಮಾತಿಗಿಂತ ಆ ಚೀಟಿ ಕೆಲಸಕ್ಕೆ ಬರುತ್ತೆ.

ಪ್ರಶ್ನೆ: ನಾನಿರೋ ದೇಶದಲ್ಲಿ ಬ್ಯಾಂಕುಗಳ ಬಗ್ಗೆ ಏನೇನೋ ಸುದ್ದಿ ಓಡಾಡ್ತಿದೆ. ಎಲ್ಲಾ ತೆಗೆದು ಮನೇಲಿ ಇಟ್ಕೊಂಡ್ರೆ ಕ್ಷೇಮ ಅಲ್ವಾ?

ಉತ್ತರ: ನಿಮ್ಮ ಹೆದರಿಕೆ ಪೂರ್ತಿ ಕಲ್ಪನೆ ಅಂತ ಹೇಳಲ್ಲ. 2013ರಲ್ಲಿ ಸೈಪ್ರಸಲ್ಲಿ ಬ್ಯಾಂಕುಗಳನ್ನ ಸುಮಾರು ಎರಡು ವಾರ ಮುಚ್ಚಿ, ತೆಗೆದ ಮೇಲೆ ದಿನಕ್ಕೆ 300 ಯೂರೋ ಅಂದ್ರು. 2015ರಲ್ಲಿ ಗ್ರೀಸಲ್ಲಿ ದಿನಕ್ಕೆ 60. ಲೆಬನಾನಲ್ಲಿ 2019ರ ಕೊನೆಯಿಂದ ಜನ ತಮ್ಮದೇ ಡಾಲರ್ ತೆಗೆಯೋಕಾಗ್ದೆ ಒದ್ದಾಡಿದ್ರು, 2022ರಲ್ಲಿ ಬೈರೂತ್‌ನಲ್ಲಿ ಒಬ್ಬ ಹೆಣ್ಣುಮಗಳು ಆಟದ ಪಿಸ್ತೂಲ್ ಹಿಡಿದು ಬ್ಯಾಂಕಿಗೆ ನುಗ್ಗಿ ತಂಗಿಯ ಕ್ಯಾನ್ಸರ್ ಚಿಕಿತ್ಸೆಗೆ ತನ್ನದೇ ಉಳಿತಾಯ ತಗೊಂಡು ಹೋದ್ಲು.

ಆದ್ರೆ ಇದನ್ನ ಕೇಳಿ ಎಲ್ಲಾ ತೆಗೆದು ಮಂಚದ ಕೆಳಗಿಟ್ರೆ ಬೆಂಕಿ, ಕಳ್ಳತನ ಎರಡಕ್ಕೂ ನೀವೇ ಜವಾಬ್ದಾರಿ, ಮನೆ ಇನ್ಶೂರೆನ್ಸಲ್ಲಿ ಕ್ಯಾಶಿಗೆ ಕೊಡೋದು ಸಾಮಾನ್ಯವಾಗಿ ಚೂರುಪಾರು. ಅದೇ ಬ್ಯಾಂಕಲ್ಲಿದ್ರೆ, ಬ್ಯಾಂಕ್ ಮುಳುಗಿದ್ರೂ ಯೂರೋಪಿಯನ್ ಯೂನಿಯನ್‌ನಲ್ಲಿ ಒಬ್ಬರಿಗೆ ಒಂದು ಬ್ಯಾಂಕಲ್ಲಿ 1,00,000 ಯೂರೋವರೆಗೆ, ಅಮೆರಿಕದಲ್ಲಿ 2,50,000 ಡಾಲರ್‌ವರೆಗೆ ಠೇವಣಿ ವಿಮೆ ಇದೆ. ಅದಕ್ಕಿಂತ ಜಾಸ್ತಿ ಇದ್ರೆ ಎರಡು ಬ್ಯಾಂಕಿಗೆ ಹಂಚಿ. ಇದು ತುಂಡು ಮಾಡಿ ಕ್ಯಾಶ್ ತೆಗೆದ ಹಾಗಲ್ಲ, ಯಾರ ಅಭ್ಯಂತರವೂ ಇಲ್ಲ.

ಮನೇಲಿ ಸ್ವಲ್ಪ ಇರ್ಲಿ ಅನ್ನೋದು ಬೇರೆ ಮಾತು. 2025ರ ಏಪ್ರಿಲ್ 28ಕ್ಕೆ ಸ್ಪೇನ್, ಪೋರ್ಚುಗಲ್ ಎರಡಕ್ಕೂ ಕರೆಂಟ್ ಹೋದಾಗ ಕಾರ್ಡ್ ಮೆಷೀನು, ಎಟಿಎಂ ಎಲ್ಲ ಕೈಕೊಟ್ಟು ಜೇಬಲ್ಲಿ ನೋಟಿದ್ದೋರಿಗೆ ಮಾತ್ರ ಬ್ರೆಡ್ಡು ಸಿಕ್ತು. ಅದಾದ ಮುಂದಿನ ತಿಂಗಳೇ ನೆದರ್ಲೆಂಡ್ಸಿನ ಕೇಂದ್ರ ಬ್ಯಾಂಕು ಮನೇಲಿ ಎಷ್ಟು ಕ್ಯಾಶ್ ಇಟ್ಕೋಬೇಕು ಅಂತ ಜನಕ್ಕೆ ಹೇಳ್ತು, ಮೂರು ದಿನದ ಖರ್ಚಿಗೆ ದೊಡ್ಡೋರಿಗೆ ತಲಾ 70 ಯೂರೋ, ಮಕ್ಕಳಿಗೆ 30. ಅಷ್ಟೇ. ಅದೂ ಸಣ್ಣ ಸಣ್ಣ ನೋಟಲ್ಲಿ ಇಡಿ, ಕರೆಂಟಿಲ್ದಾಗ ನೂರಕ್ಕೆ ಚಿಲ್ಲರೆ ಯಾರೂ ಕೊಡಲ್ಲ.